ಎಡಗಡೆ ಸ್ಟಿಯರಿಂಗಿನ ಕಾರು

ಫೋಟೋ ಕೋಣೆ, ವಸ್ತುಸಂಗ್ರಹಾಲಯ
ಮಾರ್ಚ್ ೧೪, ಶನಿವಾರ ಮಧ್ಯಾಹ್ನ

ಅಮ್ಮಾ,

ಇಷ್ಟು ವರ್ಷ ನಿನಗೆ ಬರೆದ ಕಾಗದಗಳಲ್ಲೆಲ್ಲ ‘ನೀವು’ ಎಂದೇ ಬರೆದೆ. ‘ನೀವು ಕ್ಷೇಮವೆಂದು ನಂಬಿದ್ದೇನೆ’, ‘ನಿಮ್ಮ ಪತ್ರ ತಲುಪಿತು’. ಹೆತ್ತ ತಾಯಿಗೆ ಅಷ್ಟೊಂದು ಮರ್ಯಾದೆ ಕೊಡುವ ಮಗಳು ಒಳಗೆ ಹಲ್ಲು ಕಡಿಯುತ್ತಿದ್ದಾಳೆ ಎಂದು ನಿನಗೆ ತಿಳಿಯದೆ ಇದ್ದೀತೇ? ಇವತ್ತು ಆ ಬಹುವಚನ ಬಿಟ್ಟಿದ್ದೇನೆ. ಕೈಗೆ ಇನ್ನೂ ಅಭ್ಯಾಸವಾಗಿಲ್ಲ, ಎರಡು ಕಡೆ ಹೊಡೆದು ತಿದ್ದಿದ್ದೇನೆ.

‘ಒಂದು ಸಲ ಬಂದು ಹೋಗಲೇ?’ ಎಂದು ನೀನು ಕೇಳಿ ನಾಲ್ಕು ತಿಂಗಳಾಯಿತು. ಕೆಲಸವಿತ್ತು ಎಂದರೆ ನೀನೂ ನಂಬುವುದಿಲ್ಲ, ನಾನೂ ನಂಬುವುದಿಲ್ಲ. ಉತ್ತರ ಕೊಡುತ್ತೇನೆ. ಅದಕ್ಕೆ ಮೊದಲು ಒಂದು ಫೋಟೋದ ವಿಷಯ ಹೇಳಬೇಕು. ದಯವಿಟ್ಟು ಕೊನೆಯ ಪುಟಕ್ಕೆ ಹಾರಬೇಡ.

ನನ್ನ ಕೆಲಸ ಏನೆಂದು ನಾನು ಯಾವತ್ತೂ ನಿನಗೆ ಸರಿಯಾಗಿ ಬರೆಯಲಿಲ್ಲ. ಹಳೆಯ ಬೀದಿಗಳ ಫೋಟೋಗಳಲ್ಲಿರುವ ಕಾರು, ಬಸ್ಸು, ಲಾರಿಗಳನ್ನು ಗುರುತಿಸಿ, ಫೋಟೋ ಯಾವ ಕಾಲದ್ದೆಂದು ಬರೆದಿಡುವುದು. ಮನುಷ್ಯರ ಮುಖ ನೋಡಿ ವರ್ಷ ಹೇಳಲಾಗದು, ಬಂಪರ್ ನೋಡಿ ಹೇಳಬಹುದು. ಮೋರಿಸ್ ಮೈನರಿನ ಮುಂದಿನ ಗಾಜು ಎರಡು ತುಂಡಾಗಿದ್ದರೆ ಹಳೆಯದು, ಒಂದೇ ಗಾಜಾದರೆ ಆಮೇಲಿನದು. ದೀಪದ ಮೇಜಿನ ಮೇಲೆ ಗಾಜಿನ ನೆಗೆಟಿವ್ ಇಟ್ಟು ಬಗ್ಗಿದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಆಕಾಶ ಕಪ್ಪು, ನೆರಳು ಬಿಳಿ, ಸದ್ದೇ ಇಲ್ಲದ ಬೀದಿ. ಸ್ವಲ್ಪ ಹೊತ್ತಿಗೆ ನಾನೂ ಅಲ್ಲೇ ಗೋಡೆಯ ಪಕ್ಕದಲ್ಲಿ ನಡೆಯುತ್ತಿರುತ್ತೇನೆ. ಗುಮಾಸ್ತರು ಬಂದು, ‘ಮೇಡಂ, ಊಟ ಮಾಡಲ್ವಾ?’ ಎಂದಾಗ ಹಿಂದಿರುಗಲು ಮನಸ್ಸೇ ಬರುವುದಿಲ್ಲ.

ಈ ವಿದ್ಯೆಯನ್ನು ನನಗೆ ಯಾರೂ ಕಲಿಸಲಿಲ್ಲ. ನೀನು ಹೋದ ಮೇಲೆ ಶಾಲೆಯಿಂದ ಬಂದವಳೇ ಕಿಟಕಿಯಲ್ಲಿ ಕೂರುತ್ತಿದ್ದೆ. ಬರುವ ಯಾವುದಾದರೂ ಗಾಡಿಯಿಂದ ನೀನು ಇಳಿಯಬಹುದಲ್ಲ. ಕೊನೆಕೊನೆಗೆ ಕಣ್ಣು ಮುಚ್ಚಿಕೊಂಡು, ಸದ್ದು ಕೇಳಿಯೇ ಯಾವ ಗಾಡಿಯೆಂದು ಹೇಳುತ್ತಿದ್ದೆ. ಅಪ್ಪ ಗಿರಣಿಯಿಂದ ಬಂದು, ‘ಅವಳು ತಿರುಗಿಯೂ ನೋಡಲಿಲ್ಲ ಕಣೇ, ಯಾಕೆ ಕಾಯ್ತೀಯ?’ ಎನ್ನುತ್ತಿದ್ದರು. ಆ ಒಂದು ಮಾತು ನನ್ನ ಜೊತೆಗೇ ಬೆಳೆಯಿತು. ಅಪ್ಪ ತೀರಿಕೊಂಡ ಮೇಲೂ ಅದು ಸಾಯಲಿಲ್ಲ.

ಹೋದ ತಿಂಗಳು ಗಿರಣಿ ಬೀದಿಯ ಸ್ಟುಡಿಯೋದವರ ಮೊಮ್ಮಗಳು ಒಂದು ಪೆಟ್ಟಿಗೆ ತಂದುಕೊಟ್ಟಳು. ಅದರಲ್ಲಿನ ಒಂದು ಲಕೋಟೆಯ ಮೇಲೆ ನನ್ನ ಏಳನೆಯ ಹುಟ್ಟುಹಬ್ಬದ ಮಾರನೆಯ ದಿನದ ತಾರೀಖಿತ್ತು. ಬೆಳಿಗ್ಗೆ ಅಪ್ಪನೊಡನೆ ಜಗಳವಾಡಿ ನೀನು ಹೊರಟುಹೋದ ದಿನ. ಒಳಗೆ ಒಂದು ಗಾಜಿನ ನೆಗೆಟಿವ್, ಜೊತೆಗೆ ಅದರಿಂದ ಕಾಗದದ ಮೇಲೆ ತೆಗೆದ ಒಂದು ಪ್ರತಿ. ಸ್ಟುಡಿಯೋದ ಮಹಡಿಯಿಂದ ತೆಗೆದದ್ದು. ಎದುರಿಗೆ ಗಿರಣಿಯ ಉದ್ದನೆಯ ಬೋಳು ಗೋಡೆ, ಅದಕ್ಕೊರಗಿದಂತೆ ನಿಂತ ಒಂದು ಮೋರಿಸ್ ಮೈನರ್, ಅದನ್ನು ದಾಟಿ ನಡೆಯುತ್ತಿರುವ ಒಬ್ಬ ಹೆಂಗಸು. ಉದ್ದ ಜಡೆ, ಕೈಯಲ್ಲಿ ಸೂಟ್‌ಕೇಸ್. ಅದು ನೀನು. ಆ ಮಹಡಿಯಿಂದ ನೋಡಿದರೆ ಬಲಕ್ಕೆ ಬಸ್ ನಿಲ್ದಾಣ, ಎಡಕ್ಕೆ ನಮ್ಮ ಮನೆ. ನೀನು ಬಲಕ್ಕೆ ನಡೆಯುತ್ತಿದ್ದೆ. ತಿರುಗಿಯೂ ನೋಡದೆ.

ನಿಜ ಹೇಳುತ್ತೇನೆ ಅಮ್ಮಾ, ನನಗೆ ಒಂಥರಾ ಸಮಾಧಾನವೇ ಆಯಿತು. ಐವತ್ತು ವರ್ಷದ ಸಿಟ್ಟಿಗೆ ಸಾಕ್ಷಿ ಸಿಕ್ಕಿತು. ಅದನ್ನು ಮೇಜಿನ ಖಾನೆಯಲ್ಲಿಟ್ಟುಕೊಂಡು ದಿನಕ್ಕೆರಡು ಸಲ ತೆಗೆದು ನೋಡುತ್ತಿದ್ದೆ. ನಿನಗೆ ಬರಬೇಡ ಎಂದು ಬರೆಯಲು ಕಾಗದವನ್ನೂ ತೆಗೆದಿಟ್ಟಿದ್ದೆ.

ಕಾರಿನ ಸ್ಟಿಯರಿಂಗ್ ಎಡಗಡೆಯಿತ್ತು. ನಮ್ಮೂರಿನಲ್ಲಿ ಅಂಥ ಕಾರು ಇರಲೇ ಇಲ್ಲ. ಯಾರೋ ಹೊರದೇಶದಿಂದ ತರಿಸಿದ್ದಿರಬೇಕು, ಬಲು ಅಪರೂಪದ್ದು ಎಂದು ಅರ್ಧ ಪುಟದ ಟಿಪ್ಪಣಿ ಬರೆದು, ಜಂಬ ಕೊಚ್ಚಿಕೊಳ್ಳಲು ಸ್ಪ್ಯಾನರ್ ತಾತನಿಗೆ ತೋರಿಸಿದೆ. ಅವರು ಹಳೆಯ ಮೆಕ್ಯಾನಿಕ್, ಎಂಬತ್ತು ದಾಟಿದೆ, ನನಗೆ ಅನುಮಾನ ಬಂದಾಗಲೆಲ್ಲ ಅವರೇ ಗತಿ. ತಾತ ಭೂತಗನ್ನಡಿ ಹಿಡಿದು ನೋಡಿ ನಕ್ಕರು.

‘ಇದು ಡಾಕ್ಟರ್ ಕಾರು ಕಣಮ್ಮ. ತಿರುಗೋವಾಗ ಸಿಗ್ನಲ್ ಕೊಡೋಕೆ ಬಾಗಿಲ ಪಕ್ಕದಿಂದ ಒಂದು ಪುಟ್ಟ ಕೈ ಹೊರಗೆ ಬರ್ತಿತ್ತಲ್ಲ, ಇದರದ್ದು ಎಡಗಡೆ ಕೈ ಮುರಿದಿತ್ತು. ಆ ಜಾಗಕ್ಕೆ ತಗಡು ಹೊಡೆದವನು ನಾನೇ. ಇಲ್ಲಿ ನೋಡು, ತಗಡು ಬಲಗಡೆ ಇದೆ. ನಿನ್ನ ಫೋಟೋ ಅಂಗಿ ತಿರುವಿ ಹಾಕ್ಕೊಂಡಿದೆ.’

ಯಾರೋ ಗಾಜನ್ನು ಮಗುಚಿಟ್ಟು ಪ್ರತಿ ತೆಗೆದಿದ್ದರಿಂದ ಎಡ ಬಲ ಅದಲುಬದಲಾಗಿತ್ತು. ಹೊಸದಾಗಿ ಸೇರಿದ ಗುಮಾಸ್ತರೂ ಒಂದು ನಿಮಿಷದಲ್ಲಿ ಕಂಡುಹಿಡಿಯುವ ತಪ್ಪು. ಮೂವತ್ತು ವರ್ಷದ ಅನುಭವದ ನನಗೆ ಕಾಣಲಿಲ್ಲ, ಯಾಕೆಂದರೆ ನನಗೆ ಕಾಣುವುದು ಬೇಕಿರಲಿಲ್ಲ.

ಗಾಜನ್ನು ದೀಪದ ಮೇಜಿನ ಮೇಲಿಟ್ಟು ಮೆಲ್ಲಗೆ ಮಗುಚಿದೆ. ಬೀದಿ ಬೀದಿಯೇ ನಿದ್ದೆಯಲ್ಲಿ ಮಗ್ಗುಲು ಬದಲಿಸಿತು. ಸ್ಟಿಯರಿಂಗ್ ಬಲಕ್ಕೆ ಬಂತು, ತಗಡು ಎಡಕ್ಕೆ ಹೋಯಿತು. ನೀನು ಎಡಕ್ಕೆ ನಡೆಯುತ್ತಿದ್ದೆ. ಅದೇ ದಿನ, ಅದೇ ಸೂಟ್‌ಕೇಸ್ ಹಿಡಿದು, ಮನೆಗೆ ವಾಪಸು ಬರುತ್ತಿದ್ದೆ. ಬಿಳಿ ನೆರಳನ್ನು ಎಳೆದುಕೊಂಡು, ಬೇಗಬೇಗ. ನಾನು ಮೇಜಿಗೆ ಹಣೆಯಿಟ್ಟು ಅತ್ತುಬಿಟ್ಟೆ. ತಾತ ಕನ್ನಡಕ ಒರೆಸುತ್ತ ಕೂತರು.

ನೀನು ಇದನ್ನು ಒಂದು ದಿನವೂ ಹೇಳಲಿಲ್ಲವಲ್ಲ ಅಮ್ಮಾ. ಬಂದಿದ್ದೆ ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ಆಗ ಅಪ್ಪ ಗಿರಣಿಯಲ್ಲಿದ್ದರು. ನಾನು ಪಕ್ಕದ ಮನೆಯಲ್ಲಿ ಆಡುತ್ತಿದ್ದಿರಬೇಕು, ಅಷ್ಟಾಗಿ ನೆನಪಿಲ್ಲ. ಮುಚ್ಚಿದ ಬಾಗಿಲು ನೋಡಿ ನಿನಗೆ ಏನನ್ನಿಸಿತೋ. ಯಾರಿಗೂ ಬೇಡವಾದೆ ಎಂದುಕೊಂಡೆಯೇನೋ.

ಉತ್ತರ ಇದು: ಬಾ. ಬಂದು ಹೋಗಬೇಡ, ಬಂದು ಇರು. ಬಿಸಿಲು ಬೀಳುವ ಕೋಣೆಯನ್ನು ಖಾಲಿ ಮಾಡಿದ್ದೇನೆ. ನಿನ್ನ ಮೊಣಕಾಲು ನೋವಿಗೆಂದು ಮಂಚದ ಎತ್ತರವನ್ನೂ ಸರಿಮಾಡಿಸಿದೆ. ಯಾವ ಬಸ್ಸೆಂದು ತಿಳಿಸು, ನಿಲ್ದಾಣಕ್ಕೆ ನಾನೇ ಬರುತ್ತೇನೆ.

ನಿನ್ನ,
ಮಗಳು

ಮರೆತ ಮಾತು: ಮರೆತದ್ದಲ್ಲ. ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನಾನು ಪಕ್ಕದ ಮನೆಯಲ್ಲಿರಲಿಲ್ಲ. ಬಾಗಿಲ ಹಿಂದೆಯೇ ಇದ್ದೆ. ನೀನು ಮೂರು ಸಲ ತಟ್ಟಿದೆ, ಕೂಗಲಿಲ್ಲ. ತಟ್ಟಿದ್ದು ನೀನೇ ಎಂದು ಗೊತ್ತಿತ್ತು. ಚಿಲಕ ಕೈಗೆ ಎಟುಕುತ್ತಿತ್ತು. ಬಿಟ್ಟು ಹೋದೆಯೆಂಬ ಸಿಟ್ಟು. ಇನ್ನೊಂದು ಸಲ ತಟ್ಟಲಿ, ತೆಗೆಯುತ್ತೇನೆ ಎಂದುಕೊಂಡೆ. ನೀನು ತಟ್ಟಲಿಲ್ಲ. ಅದು ಹಾಲಿನವನಿರಬೇಕು ಎಂದು ಐವತ್ತು ವರ್ಷ ನನಗೆ ನಾನೇ ಹೇಳಿಕೊಂಡೆ. ಇದನ್ನು ಓದಿದ ಮೇಲೂ ಮನಸ್ಸಿದ್ದರೆ ಬಾ.