ಬಕೆಟ್ ತುಂಬುವವರೆಗೆ ಅತ್ತೆ

ಫೆಬ್ರವರಿ 3, ಸೋಮವಾರ. ಬೆಳಗ್ಗೆ 6.15

ಬಚ್ಚಲಲ್ಲಿ ನಲ್ಲಿ ಬಿಟ್ಟೆ. ಬಕೆಟ್ ತುಂಬುವಷ್ಟರಲ್ಲಿ ಅತ್ತು ಮುಗಿಸಬೇಕು. ಟವೆಲ್ ಬಾಯಿಗೆ ಒತ್ತಿಕೊಂಡರೆ ಸದ್ದು ಬರುವುದಿಲ್ಲ. ಆಮೇಲೆ ತಣ್ಣೀರು, ಪೌಡರ್, ನಗು.

ಹೊರಗೆ ಬಂದಾಗ ಅತ್ತೆ ಜಗಲಿಯಲ್ಲಿ ಶುಂಠಿಯ ಮಣ್ಣು ಬಿಡಿಸುತ್ತಿದ್ದರು. ಮುಖ ನೋಡಿದರು. ದಿನಾ ನೋಡುತ್ತಾರೆ.

"ಯಾಕವ್ವಾ ಕಣ್ಣು ಕೆಂಪಗಾಗೈತೆ?"

"ಸೋಪು ಹೋಯ್ತು ಅತ್ತೆ." ಹಲ್ಲು ಕಿರಿದೆ.

ಇವತ್ತಿಗೆ ಹದಿನಾಲ್ಕು ವಾರ. ಇನ್ನು ಆರು ವಾರ ಹೀಗೇ ನಗಬೇಕು. ಇಪ್ಪತ್ತು ದಾಟಿದ ಮೇಲೆ ಹೊಳೆಯಾಚೆಯವನು ಮುಟ್ಟುವುದಿಲ್ಲವಂತೆ.

ಈ ಕಾಪಿ ಪುಸ್ತಕ ಮಗಳು ಅಮ್ಮುವಿನದು. ಸರ್ಫ್ ಡಬ್ಬದೊಳಗೆ ಇಡುತ್ತೇನೆ. ಈ ಮನೆಯಲ್ಲಿ ಬಟ್ಟೆ ಒಗೆಯುವವಳು ನಾನೊಬ್ಬಳೇ.

ಫೆಬ್ರವರಿ 4

ಬರೆದರೆ ಎದೆ ಹಗುರವಾಗುತ್ತದೇನೋ, ನೋಡೋಣ.

ಅಮ್ಮು ಹೊಟ್ಟೆಯಲ್ಲಿದ್ದಾಗ ಒಂಬತ್ತು ತಿಂಗಳೂ ಅತ್ತೆ. ಹೆಣ್ಣಾಯಿತು. ಹೋದ ವರ್ಷ ಮತ್ತೆ ಬಸುರಿಯಾದಾಗಲೂ ಅದೇ ಅಳು. "ಇದೂ ಹೆಣ್ಣೇ ಕಣೋ ಧರ್ಮೇಶ. ನೋಡು, ಅದೇ ಅಳು ಮೋರೆ," ಎಂದರು ಅತ್ತೆ. ಇವರು ಕಾರು ಹೇಳಿದರು. ಕುಶಾಲನಗರದ ಸೇತುವೆ ದಾಟಿ ಹೊಳೆಯಾಚೆ ಎಲ್ಲೋ ಒಂದು ಮನೆ, ಬೋರ್ಡಿಲ್ಲ. ಒಳಗೆ ಮೆಷಿನ್. ನೋಡಿದವನು ಇವರಿಗೆ ಏನೋ ಸನ್ನೆ ಮಾಡಿದ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಸಂಜೆ ವಾಪಸ್ ಬರುವಾಗ ಹೊಟ್ಟೆ ಖಾಲಿ.

ಕಾಲು ಜಾರಿ ಬಿದ್ದಳು, ಹೋಯ್ತು — ಊರಿಗೆಲ್ಲ ಹಾಗೆ ಹೇಳಿದರು. ಸಂಪಾಜೆಯಿಂದ ಅಮ್ಮ ಫೋನ್ ಮಾಡಿದಾಗ ನಾನೂ ಹಾಗೇ ಹೇಳಿದೆ. ನಾನೂ...

"ಅತ್ತೆ" ಎಂದು ಬರೆದು ನೋಡಿಕೊಂಡೆ. ಎಂಥ ಪದ! ನಾನು ಅತ್ತದ್ದೂ ಅದೇ, ಅವರೂ ಅದೇ.

ಫೆಬ್ರವರಿ 6, ಗುರುವಾರ

ಪಿಎಚ್‌ಸಿಗೆ ಹೋಗಿದ್ದೆವು. ತೂಕ, ಬಿಪಿ. ವೀಣಾ ಸಿಸ್ಟರ್ ಒಂದು ಹೊಸ ಫಾರಂ ತೆಗೆದರು. ಮನಸ್ಸಿನ ಬಗ್ಗೆ ಹತ್ತು ಪ್ರಶ್ನೆ. ಅತ್ತೆ ಪಕ್ಕದ ಸ್ಟೂಲಿನಲ್ಲೇ ಕೂತಿದ್ದರು.

"ಕಳೆದ ಏಳು ದಿನದಲ್ಲಿ ಕಾರಣ ಇಲ್ಲದೆ ಭಯ ಆಗಿದ್ಯಾ?"

"ಇಲ್ಲ."

"ಅಳು ಬರುತ್ತಾ?"

ಅತ್ತೆ ನನ್ನ ಕಡೆ ತಿರುಗಿದರು.

"ಅಯ್ಯೋ, ನಂಗ್ಯಾಕೆ ಅಳು ಸಿಸ್ಟರ್!" ಎಂದು ನಕ್ಕೆ. ನಗು ಸ್ವಲ್ಪ ಜೋರಾಯಿತು. ಸಿಸ್ಟರ್ ಪೆನ್ನು ಎತ್ತಿ ಒಂದು ಕ್ಷಣ ನೋಡಿದರು, ಬರೆದುಕೊಂಡರು.

ಫೆಬ್ರವರಿ 20, ಗುರುವಾರ

ಎರಡು ವಾರ ಬರೆಯಲಿಲ್ಲ. ನಗುವುದೇ ದೊಡ್ಡ ಕೆಲಸವಾಗಿದೆ. ಕೆನ್ನೆ ನೋಯುತ್ತದೆ.

ಅತ್ತೆ ಖುಷಿಯಾಗಿದ್ದಾರೆ. ಬಿಸಿ ಅಕ್ಕಿರೊಟ್ಟಿಗೆ ಬೆಣ್ಣೆ ಹಾಕಿ ಕೈಗೆ ಕೊಡುತ್ತಾರೆ. "ಈ ಸಲ ಗಂಡೇ. ಮುಖ ಹೆಂಗೆ ಗೆಲುವಾಗೈತೆ ನೋಡು." ಇವರು ದಾಳಿಂಬೆ ತಂದರು. ತಿಂದೆ. ಪ್ರತಿ ಕಾಳಿಗೂ ಭಯ.

ದೇವರೇ, ಗಂಡಾಗಲಿ ಅಂತ ನಾನೇ ಬೇಡಿಕೊಂಡೆ ಇವತ್ತು. ಆಮೇಲೆ ಅಮ್ಮುವಿನ ಜಡೆ ಹಾಕುವಾಗ ನಾಚಿಕೆಯಾಯಿತು.

ಅತ್ತೆಗೆ ಮಂಡಿ ನೋವು, ಮಾತ್ರೆ ತರಲು ಪಿಎಚ್‌ಸಿಗೆ ಒಬ್ಬಳೇ ಹೋದೆ. ಸಿಸ್ಟರನ್ನು ಕೇಳಿಯೇಬಿಟ್ಟೆ — ಹೆಣ್ಣಿದ್ದರೆ ತಾಯಿಗೆ ಅಳು ಜಾಸ್ತಿಯಾ?

"ಯಾರು ಹೇಳಿದ್ದು ನಿಮಗೆ? ಗಂಡು ಹೊತ್ತವರೂ ಅಳ್ತಾರೆ, ಹೆಣ್ಣು ಹೊತ್ತವರೂ ನಗ್ತಾರೆ. ಮನಸ್ಸು ನೋಡಿ ಮಗು ಯಾವುದು ಅಂತ ಹೇಳೋಕಾಗಲ್ಲ. ಭಯ ಇದ್ರೆ ಅಳು ಬರುತ್ತೆ ರಂಜಿತಾ. ನಿಮಗೆ ಯಾರ ಭಯ?"

ಬಾಯಿವರೆಗೂ ಬಂತು. ಹೇಳಲಿಲ್ಲ, ಹೇಡಿ ನಾನು. ಅವರು ತಾಯಿ ಕಾರ್ಡಿನ ಹಿಂದೆ ನಂಬರ್ ಬರೆದುಕೊಟ್ಟರು. ಹೊತ್ತು ಗೊತ್ತು ನೋಡಬೇಡಿ, ಮಾಡಿ ಎಂದರು.

ಫೆಬ್ರವರಿ 23, ಭಾನುವಾರ. ಮಧ್ಯಾಹ್ನ

ಎಲ್ಲ ಮುಗಿಯಿತು.

ಅಮ್ಮು ಅಜ್ಜಿಯ ಮುಂದೆ ಆಟ ಆಡುತ್ತಿದ್ದಳು. ಲಂಗದೊಳಗೆ ದಿಂಬು ತುರುಕಿಕೊಂಡು, ಚೊಂಬಿನಿಂದ ಬಕೆಟ್ಟಿಗೆ ಸೊರ್ ಎಂದು ನೀರು ಬಿಟ್ಟಳು. ಟವೆಲ್ ಬಾಯಿಗೆ ಒತ್ತಿಕೊಂಡು ಭುಜ ಕುಣಿಸಿದಳು. ಮುಖ ತೊಳೆದಳು. ಆಮೇಲೆ ಹಲ್ಲೆಲ್ಲ ಬಿಟ್ಟು ನಕ್ಕಳು.

"ಇದ್ಯಾವ ಆಟ ಮಗಾ?"

"ಅಮ್ಮನ ಆಟ ಅಜ್ಜಿ. ಅಮ್ಮ ದಿನಾ ಆಡ್ತಾಳೆ, ಬಾಗಿಲ ಸಂದೀಲಿ ನೋಡ್ತೀನಿ."

ಅತ್ತೆ ಮಂಡಿ ಹಿಡಿದುಕೊಂಡು ಎದ್ದು ಇವರ ಹತ್ತಿರ ಹೋದರು.

ಸಂಜೆ 5

"ನಾಳೆ ಬೆಳಗ್ಗೆ ಆರೂವರೆಗೆ ರೆಡಿಯಾಗಿರು. ಕಾರು ಹೇಳಿದೀನಿ."

"ಎಲ್ಲಿಗೆ ರೀ?"

"ಸುಮ್ನೆ ಒಂದ್ ಸಲ ತೋರಿಸ್ಕೊಂಡ್ ಬರೋಣ." ನನ್ನ ಮುಖ ನೋಡಲಿಲ್ಲ. ಅತ್ತೆ ಒಳಗಿನಿಂದ, "ನಿನ್ ಒಳ್ಳೇದಕ್ಕೇ ಕಣವ್ವ."

ಫೆಬ್ರವರಿ 24, ಸೋಮವಾರ. ಬೆಳಗ್ಗೆ 6.05

ಚಿಲಕ ಹಾಕಿದ್ದೇನೆ. ನಲ್ಲಿ ಪೂರ್ತಿ ಬಿಟ್ಟಿದ್ದೇನೆ. ಸಿಸ್ಟರ್‌ಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ, ಹೋದ ವರ್ಷದ್ದೂ. "ಕಾರು ಹತ್ತಬೇಡಿ. ಬಾಗಿಲು ತೆಗೀಬೇಡಿ. ಪೊಲೀಸರನ್ನ ಕರ್ಕೊಂಡು ಬರ್ತೀನಿ, ಅರ್ಧ ಗಂಟೆ."

ಹದಿನೇಳು ವಾರ ಇವತ್ತಿಗೆ. ಸರ್ಫ್ ಡಬ್ಬದಿಂದ ಪುಸ್ತಕ ತೆಗೆದು ಬರೆಯುತ್ತಿದ್ದೇನೆ.

6.25

ಕಾರು ಬಂತು. ಹಾರ್ನ್ ಎರಡು ಸಲ. ಇವರು ಬಾಗಿಲು ಬಡಿಯುತ್ತಿದ್ದಾರೆ — "ಏಯ್, ಎಷ್ಟೊತ್ತೇ?" ಬಕೆಟ್ ತುಂಬಿ ಹರಿಯುತ್ತಿದೆ...

6.30

ಟ್ಯಾಂಕ್ ಖಾಲಿ. ನಲ್ಲಿ ನಿಂತಿತು. ಅಳು ನಿಲ್ಲಲಿಲ್ಲ. ಈಗ ಮನೆಗೆಲ್ಲ ಕೇಳುತ್ತಿದೆ. ಟವೆಲ್ ಬಿಸಾಕಿದೆ. ಕೇಳಲಿ, ಬೀದಿಗೂ ಕೇಳಲಿ.

ಚಿಲಕದ ಒಂದು ಸ್ಕ್ರೂ ಬಿತ್ತು. ಹೊರಗೆ ಅಮ್ಮು — "ಅಮ್ಮಾ, ಬಕೆಟ್ ತುಂಬ್ತು. ಈಗ ನಗು, ಬಾ."

ನಗಲಿಲ್ಲ. ಜೋರಾಗಿ ಅತ್ತೆ.