ಆರೂ ಹತ್ತರ ಲೋಕಲ್ಲಿನ ಚಾಕು

ಚಿಂಚವಾಡ, ಪುಣೆ
೧೧ ನವೆಂಬರ್ ೨೦೨೫, ಮಂಗಳವಾರ

ಲೀಲಾ,

ಈ ಪತ್ರ ನಾನಾಗಿ ಬರೆಯುತ್ತಿಲ್ಲ, ನನ್ನಿಂದ ಬರೆಸುತ್ತಿದ್ದಾರೆ. ಮೊಮ್ಮಗಳು ಶರ್ವರಿ ಕಾಲೇಜಿನ ನೋಟಬುಕ್ಕಿನಿಂದ ನಾಲ್ಕು ಹಾಳೆ ಹರಿದು, ಪೆನ್ನು ಕೈಗೆ ತುರುಕಿ, ಎದುರಿಗೆ ಕಾವಲು ಕೂತಿದ್ದಾಳೆ. ಐದನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಆಮೇಲೆ ಬರೆದದ್ದೆಂದರೆ ಪಗಾರದ ಹಾಳೆಯ ಮೇಲೆ ಸಹಿ, ಮತ್ತು ಕಿರಾಣಿ ಚೀಟಿ. ಮೊಣಕೈ ನೋಯುತ್ತದೆ, ಚಷ್ಮಾ ಜಾರುತ್ತದೆ, ಯಾವ ಅಕ್ಷರಕ್ಕೆ ಯಾವ ಒತ್ತು ಅನ್ನುವುದು ಮರೆತೇ ಹೋಗಿದೆ. ಫೋನಿನಲ್ಲಿ ಎರಡು ನಿಮಿಷಕ್ಕೆ ಮುಗಿಸುತ್ತಿದ್ದೆ. ಆದರೆ ನಿನ್ನ ಮಗಳು ತನುಶ್ರೀ ಇವಳಿಗೆ ಫೋನ್ ಮಾಡಿ ಹೇಳಿದಳಂತೆ, ಅಮ್ಮನ ಕಿವಿ ಪೂರ್ತಿ ಹೋಗಿದೆ, ಮಷಿನ್ ಹಾಕಿದರೆ ಗುಂಯ್ ಅನ್ನುತ್ತದೆಂದು ಕಿತ್ತಿಡುತ್ತಾರೆ, ಆಂಟಿ ದೊಡ್ಡ ಅಕ್ಷರದಲ್ಲಿ ಬರೆದು ಕಳಿಸಲಿ ಅಂತ. ದೊಡ್ಡದಾಗಿಯೇ ಬರೆಯುತ್ತಿದ್ದೇನೆ. ಹಾಳೆ ಸಾಲದೇ ಹೋದರೆ ನನ್ನ ತಪ್ಪಲ್ಲ.

ಹದಿಮೂರು ವರ್ಷ ಆಯಿತು, ನಿನ್ನಿಂದ ಒಂದು ಮಾತಿಲ್ಲ. ಪುಣೆ ಬಿಟ್ಟು ಕುಂದಾಪುರಕ್ಕೆ ಹೋಗುವಾಗಲೂ ಹೇಳಿ ಹೋಗಲಿಲ್ಲ. ನಿನ್ನ ಯಜಮಾನರು ಸದಾನಂದರು ತೀರಿಕೊಂಡದ್ದು ನನಗೆ ಮತ್ತೊಬ್ಬರ ಬಾಯಿಂದ ತಿಳಿಯಿತು. ಈಗ ಹೇಳಿ ಕಳಿಸಿದ್ದಾದರೂ ಏನು? ಮಡಚುವ ಸಣ್ಣ ಚಾಕು ನೂರೈವತ್ತು ರೂಪಾಯಿಗೆ ಸಿಗುತ್ತದಂತೆ, ತೆಗೆದುಕೊಂಡರೆ ಬಾಳಿಕೆ ಬಂದೀತಾ, ಇಂದಕ್ಕನನ್ನು ಕೇಳು ಅಂತ, ಅಂದರೆ ನನ್ನನ್ನು. ಮನೆಯಲ್ಲಿ ಬೇಕಾದಷ್ಟು ಚಾಕು ಇವೆ, ಅಮ್ಮನಿಗೆ ಮಡಚುವುದೇ ಆಗಬೇಕಂತೆ ಎಂದು ತನುಶ್ರೀ ನಕ್ಕಳಂತೆ. ನನಗೆ ನಗು ಬರಲಿಲ್ಲ. ಅವತ್ತು ದಿನವಿಡೀ ಶರ್ವರಿಯ ಮೇಲೆ ಹರಿಹಾಯ್ದೆ, ಚಹಾಕ್ಕೆ ಸಕ್ಕರೆ ಹೆಚ್ಚಾಯಿತು ಎಂದು.

ಮೊದಲು ಚಾಕುವಿನ ಮಾತು ಮುಗಿಸುತ್ತೇನೆ.

ಶರ್ವರಿ ಫೋನಿನಲ್ಲಿ ಹತ್ತು ನಮೂನೆ ತೋರಿಸಿದಳು. ಒಂದಕ್ಕೆ ಕಪ್ಪು ಬಣ್ಣ, ಬೆನ್ನ ಮೇಲೆ ಗರಗಸದ ಹಲ್ಲು. ಹುಲಿ ಕೊಲ್ಲಲು ಹೊರಟವರಿಗೆ ಅದು. ಬೆಂಡೆಕಾಯಿಗೆ ಯಾಕೆ? ಚಾಕುವನ್ನು ಚಿತ್ರ ನೋಡಿ ತೆಗೆದುಕೊಳ್ಳಬಾರದು, ಕೈಯಲ್ಲಿ ಹಿಡಿದು ತೆಗೆದುಕೊಳ್ಳಬೇಕು. ಶನಿವಾರ ಕಬ್ಬಿಣ ಮನೆಗೆ ತರಬಾರದು ಎಂದು ನೀನು ಹೇಳುತ್ತಿದ್ದದ್ದು ನೆನಪಾಗಿ ಭಾನುವಾರದ ತನಕ ತಡೆದು ಜುನಾ ಬಜಾರಿಗೆ ಹೋದೆ. ಅಲ್ಲಿ ನಿಪ್ಪಾಣಿ ಕಡೆಯ ಅಪ್ಪಾಸಾಹೇಬ ಅನ್ನುವವನು ತಾಡಪತ್ರಿ ಹಾಸಿ ಹಳೆಯ ಹೊಸ ಹತ್ಯಾರು ಮಾರುತ್ತಾನೆ. ಒಂದೊಂದನ್ನೇ ಎತ್ತಿ, ಬಿಚ್ಚಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದೆ. ಎಂಟನೆಯದಕ್ಕೆ ಅವನ ತಾಳ್ಮೆ ಮುಗಿಯಿತು. "ಬಾಯಾರ, ಚಾಕು ನೋಡಾಕ ಬಂದೀರೋ, ವರಾ ನೋಡಾಕ ಬಂದೀರೋ?" ಅಂದ.

"ವರಾನ ಇಷ್ಟು ನೋಡಿ ಮಾಡಿಕೊಂಡಿದ್ದರ ನನ್ನ ಹಣೇಬಾರ ಬ್ಯಾರೆ ಇರತಿತ್ತು, ಸುಮ್ಮ ಕೂಡು," ಅಂದೆ. ಬಾಜೂದವನೂ ನಕ್ಕ.

ಈಗ ಕೇಳು. ಅಲಗನ್ನು ಪೂರ್ತಿ ಬಿಚ್ಚಿ, ತುದಿ ಹಿಡಿದು ಎಡಕ್ಕೆ ಬಲಕ್ಕೆ ಒತ್ತಬೇಕು. ಅಲ್ಲಾಡಿದರೆ ಕೆಳಗಿಡು. ಮಡಚುವಾಗ ಟಕ್ ಅಂದು ತಾನಾಗಿ ಒಳಗೆ ಕೂಡಬೇಕು, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗು ಸತ್ತಿದೆ ಎಂದು ಅರ್ಥ, ಚೀಲದಲ್ಲಿ ಬಿಚ್ಚಿಕೊಂಡು ಬೆರಳು ಕೊಯ್ಯುತ್ತದೆ. ಉಗುರು ಹಾಕಿ ಎತ್ತಲು ಅಲಗಿನ ಮೇಲೊಂದು ಗೀರು ಇರುತ್ತದಲ್ಲ, ಅದು ಆಳವಾಗಿರಲಿ, ನಮ್ಮ ವಯಸ್ಸಿಗೆ ಉಗುರು ಮೊದಲಿನ ಹಾಗಿಲ್ಲ. ಕೆಲವಕ್ಕೆ ಒಳಗೊಂದು ಪಟ್ಟಿ ಇರುತ್ತದೆ, ಅದನ್ನು ಬೆರಳಿನಿಂದ ಸರಿಸಿಯೇ ಮಡಚಬೇಕು. ಅದು ಬೇಡ, ಅಲಗು ಬರುವ ದಾರಿಯಲ್ಲೇ ಬೆರಳು ಇಡಬೇಕಾಗುತ್ತದೆ. ಅಗ್ಗದ ಉಕ್ಕು ಬೇಗ ಮೊಂಡಾಗುತ್ತದೆ, ನಿಜ. ಚಹಾದ ಕಪ್ಪನ್ನು ಬೋರಲು ಹಾಕಿ ಅದರ ತಳದ ಒರಟು ಅಂಚಿಗೆ ಹತ್ತು ಸಲ ಎಳೆದರೆ ಟೊಮ್ಯಾಟೊ ಸಿಪ್ಪೆಯನ್ನೂ ಸಲೀಸಾಗಿ ಕೊಯ್ಯುತ್ತದೆ. ತುಟ್ಟಿಯದು ತಂದು ಕಪಾಟಿನಲ್ಲಿಟ್ಟು ಪೂಜೆ ಮಾಡುವುದಕ್ಕಿಂತ ಇದು ಮೇಲು. ತೆಗೆದುಕೋ ಅಂತಲೇ ನನ್ನ ಮಾತು. ಆದರೆ ಕೈಯಲ್ಲಿ ಹಿಡಿದು ನೋಡಿ ತೆಗೆದುಕೋ.

ಇಷ್ಟು ನಿನಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಹತ್ತು ರೂಪಾಯಿಯ ಚಾಕು ಒಂಬತ್ತು ವರ್ಷ ಬಾಳಿತು.

ಶಿವಾಜಿನಗರದ ಆ ಕಚೇರಿಯಲ್ಲಿ ನೀನು ಕ್ಯಾಂಟೀನ್ ಮಾಲಕರ ಹೆಂಡತಿ, ನಾನು ಸಾಹೇಬರ ಟೇಬಲ್ ಒರೆಸುವ ದಿನಗೂಲಿಯ ರೋಜಂದಾರಿ ಹೆಂಗಸು. ಅಲ್ಲಿ ನಮ್ಮ ನಡುವೆ ಕೌಂಟರು ಇತ್ತು. ಸಂಜೆ ಆರೂ ಹತ್ತರ ಲೋಕಲ್ ರೈಲಿನಲ್ಲಿ ಇರಲಿಲ್ಲ. ಲೇಡೀಸ್ ಡಬ್ಬಿಯಲ್ಲಿ ಹೆಂಗಸರೆಲ್ಲ ಮಡಿಲಲ್ಲಿ ತರಕಾರಿ ಹಾಕಿಕೊಂಡು ಕೂತಿರುತ್ತಿದ್ದರು. ಮನೆಗೆ ಹೋಗಿ ಒಲೆ ಹಚ್ಚುವುದಷ್ಟೇ ಬಾಕಿ ಇರಬೇಕು. ಒಬ್ಬಳು ಬಟಾಣಿ ಸುಲಿಯುತ್ತಾಳೆ, ಒಬ್ಬಳು ಮೆಂತ್ಯೆ ಸೋಸುತ್ತಾಳೆ. ದಾಪೋಡಿ ದಾಟುವಷ್ಟರಲ್ಲಿ ಡಬ್ಬಿ ತುಂಬ ಕೊತ್ತಂಬರಿ ವಾಸನೆ. ನಾನು ಚವಳಿಕಾಯಿ ಅಂದರೆ ನೀನು ಗೋರಿಕಾಯಿ ಅನ್ನುತ್ತಿದ್ದಿ. ಮರಾಠಿ ಹೆಂಗಸರು ನಮ್ಮಿಬ್ಬರನ್ನು ನೋಡಿ, ಇವರು ಜಗಳಾಡುತ್ತಿದ್ದಾರೋ ಮಾತಾಡುತ್ತಿದ್ದಾರೋ ಎಂದು ತಮ್ಮತಮ್ಮಲ್ಲೇ ಕೇಳಿಕೊಳ್ಳುತ್ತಿದ್ದರು.

ಹೇರ್‌ಪಿನ್ನು, ಕನ್ನಡಿ ಮಾರುವವಳ ಹತ್ತಿರ ಆ ಚಾಕು ಕಂಡಾಗ ನೀನು ಮೂಗು ಮುರಿದಿ. "ಇದು ಎಂತದು ಇಂದಕ್ಕ, ಆಟದ ಸಾಮಾನು. ವಾರ ಆಗುವಾಗ ಹಿಡಿ ಒಂದು ಕಡೆ, ಅಲಗು ಒಂದು ಕಡೆ," ಅಂದಿ.

"ನಿಮ್ಮ ಹೋಟೆಲ್ ಮಂದಿಗೆ ಮೊಳ ಉದ್ದ ಇದ್ದರ ಮಾತ್ರ ಚಾಕು," ಅಂದೆ ನಾನು. ಆದರೂ ಅರ್ಧ ನೀನು ಹಾಕಿದಿ, ಅರ್ಧ ನಾನು. ಕೆಂಪು ಹಿಡಿ. ಒಂದು ವಾರ ನಿನ್ನ ಚೀಲದಲ್ಲಿ, ಒಂದು ವಾರ ನನ್ನ ಚೀಲದಲ್ಲಿ, ಸೋಮವಾರಕ್ಕೆ ಪಾಳಿ ಬದಲು. ಮೊಂಡಾದರೆ ಪ್ಲಾಟ್‌ಫಾರ್ಮಿನ ಕಲ್ಲಿನ ಕಟ್ಟೆಗೆ ಮಸೆಯುತ್ತಿದ್ದಿ. ಒಮ್ಮೆ ಮೊಳೆ ಸಡಿಲಾಗಿ ಅಲಗು ಜೋತಾಡಿತು, ಸ್ಟೇಷನ್ ಹೊರಗಿನ ಚಮ್ಮಾರ ಎರಡು ಏಟು ಕುಟ್ಟಿ ಕೊಟ್ಟ, ದುಡ್ಡು ಬೇಡ ಅಂದ. ನಾನು ಚಾಕು ಕೈಗೆ ಚಾಚಿದರೆ ನೀನು ಯಾವತ್ತೂ ಹಿಡಿಯಲಿಲ್ಲ. "ಸೀಟಿನ ಮೇಲೆ ಇಡಿ ಇಂದಕ್ಕ, ನಾನು ತೆಗೆದುಕೊಳ್ತೇನೆ. ಕೈಯಿಂದ ಕೈಗೆ ಕೊಟ್ಟರೆ ಜಗಳ ಆಗ್ತದೆ." ಹುಚ್ಚು ಹುಡುಗಿ ಎಂದು ಬೈದುಕೊಂಡೇ ಒಂಬತ್ತು ವರ್ಷ ನಮ್ಮಿಬ್ಬರ ನಡುವಿನ ಗೇಣಗಲ ಜಾಗದಲ್ಲಿ ಇಟ್ಟೆ.

ಇನ್ನೊಂದು ಮಾತು ನೀನು ಹೇಳಿದ್ದಿ. ಮರೆತಿರಬಹುದು, ನಾನು ಮರೆತಿಲ್ಲ. "ಕ್ಯಾಂಟೀನಲ್ಲಿ ಇರುವಾಗ ಇವರದ್ದು, ಮನೆಯಲ್ಲಿ ಅತ್ತೆಯದ್ದು. ಈ ಅರ್ಧ ಗಂಟೆ ಮಾತ್ರ ನಂದು." ಅಲಸಂಡೆಯ ನಾರು ಎಳೆಯುತ್ತಾ ಅಂದಿದ್ದಿ, ನನ್ನ ಮುಖ ಸಹ ನೋಡದೆ.

ಆ ಅರ್ಧ ತಾಸನ್ನು ನಿನ್ನಿಂದ ಕಿತ್ತುಕೊಂಡವಳು ನಾನೇ. ಇದನ್ನು ಬರೆಯುತ್ತೇನೆ, ಯಾಕೆಂದರೆ ಎದುರಿಗೆ ಕೂತ ಈ ಪೋರಿಗೆ ಕನ್ನಡ ಓದಲು ಬರುವುದಿಲ್ಲ. ಅಜ್ಜಿ ಇಷ್ಟುದ್ದ ಚಾಕುವಿನ ಬಗ್ಗೆ ಏನು ಬರೆಯುತ್ತಾಳೆಂದು ಅವಳಿಗೆ ಆಶ್ಚರ್ಯ.

ಆ ಗುರುವಾರ ನಿನಗೆ ನೆನಪಿದೆ. ಆಗ ಬಾಂಬಿನ ಭಯಕ್ಕೆ ಎಲ್ಲ ಕಡೆ ಚೀಲ ಬಿಚ್ಚಿಸಿ ನೋಡುತ್ತಿದ್ದ ದಿನಗಳು. ಲೋಕಲ್ ಬಿಟ್ಟು ಸ್ಟೇಷನ್ನಿನ ಬ್ರಿಜ್ಜಿನ ಮೆಟ್ಟಿಲು ಇಳಿದರೆ ಕೆಳಗೆ ಟೇಬಲ್ ಹಾಕಿ ಪೋಲೀಸರು ಕೂತಿದ್ದರು. ಮೊದಲು ನಿನ್ನ ಚೀಲ ತೆಗೆಸಿದರು. ಟಿಫಿನ್ ಡಬ್ಬಿಯ ಕೆಳಗೆ ಚಾಕು ಸಿಕ್ಕಿತು. ಯಾರದ್ದು ಎಂದು ಆ ಹೆಣ್ಣು ಪೋಲೀಸು ಕೇಳಿದಳು. ನೀನು ಒಮ್ಮೆ ನನ್ನ ಕಡೆ ನೋಡಿದಿ. ನಾನು ಕಂಬದ ಮೇಲಿನ ಗಡಿಯಾರ ನೋಡಿದೆ. "ನಂದೇ, ತರಕಾರಿ ಹೆಚ್ಚಲಿಕ್ಕೆ," ಅಂದಿ. ಇಬ್ಬರದ್ದೂ ಅನ್ನಬೇಕಿತ್ತು ನಾನು. ಒಂದೇ ಶಬ್ದ. ಅನ್ನಲಿಲ್ಲ. ಸಾಹೇಬರು ಬರುವ ತನಕ ಬೆಂಚಿನ ಮೇಲೆ ಕೂಡು ಎಂದು ನಿನಗೆ ಹೇಳಿದರು. ನನಗೆ ಹೋಗು ಅಂದರು. ಹೋದೆ.

ಮುಂದಿನ ತಿಂಗಳು ನನ್ನ ಕಾಯಂ ಆರ್ಡರ್ ಬರುವುದಿತ್ತು. ಪೋಲೀಸರ ಪುಸ್ತಕದಲ್ಲಿ ಹೆಸರು ಬಿದ್ದರೆ ಹನ್ನೊಂದು ವರ್ಷ ಕಸ ಹೊಡೆದದ್ದು ನೀರಲ್ಲಿ ಹೋದಂತೆ. ನೀನಾದರೆ ಮಾಲಕರ ಹೆಂಡತಿ, ನಿನಗೇನು ಆಗುತ್ತದೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಮನೆಗೆ ಬಂದು ನೋಡಿದರೆ ನೀನು ಬಿಡಿಸಿದ ಅಲಸಂಡೆ ನನ್ನ ಚೀಲದಲ್ಲಿಯೇ ಉಳಿದಿತ್ತು. ಪಲ್ಯ ಮಾಡಿದೆ. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆಂದ ಕಾಣುತ್ತದೆ. ಆದರೆ ಚೆನ್ನಾಗಿಯೇ ಉಂಡೆವು.

ಮೂರು ದಿನ ಬಿಟ್ಟು ನಿಮ್ಮ ಮನೆಗೆ ಬಂದಾಗ ಸದಾನಂದರು ಬಾಗಿಲಲ್ಲಿಯೇ ಹೇಳಿದರು, ಪೋಲೀಸರ ಬೆಂಚಿನ ಮೇಲೆ ಎರಡು ಗಂಟೆ ಕೂತದ್ದು ಸಾಕು, ಇನ್ನು ಲೀಲಾಕ್ಷಿ ಲೋಕಲ್ಲಿಗೂ ಇಲ್ಲ, ಕ್ಯಾಂಟೀನಿಗೂ ಇಲ್ಲ. ನೀನು ಒಳಗಿನಿಂದ ಚಹಾ ತಂದಿ. ನಾನು ಮೆಲ್ಲಗೆ, ಚಾಕು ಅಕಸ್ಮಾತ್ ನಿನ್ನ ಚೀಲದೊಳಗ ಉಳದಿತ್ತು ನೋಡು, ಅಂದೆ. "ಹೌದು, ಅಕಸ್ಮಾತ್," ಅಂದಿ. ಅಷ್ಟೇ. ಲೋಟ ನನ್ನ ಕೈಗೆ ಕೊಡಲಿಲ್ಲ, ಸ್ಟೂಲಿನ ಮೇಲೆ ಇಟ್ಟಿ. ಆಮೇಲೆ ನಾನು ಆ ಕಡೆ ಬರಲಿಲ್ಲ. ಬರಬೇಕಿತ್ತು.

ಕಾಯಂ ಆರ್ಡರ್ ಬಂತು. ಪೆನ್ಶನ್ನೂ ಬರುತ್ತಿದೆ. ಆರೂ ಹತ್ತರ ಲೋಕಲ್ಲಿನಲ್ಲಿ ಮತ್ತೆ ಆರು ವರ್ಷ ಓಡಾಡಿದೆ, ತರಕಾರಿ ಮನೆಯಲ್ಲಿಯೇ ಹೆಚ್ಚಿಕೊಂಡೆ. ಕಿಟಕಿ ಪಕ್ಕ ಜಾಗ ಸಿಕ್ಕರೂ ಬಾಜೂದ ಜಾಗದಲ್ಲಿ ಚೀಲ ಇಟ್ಟು ಕೂಡುತ್ತಿದ್ದೆ, ಕೇಳಿದವರ ಜೊತೆ ಜಗಳಾಡುತ್ತಿದ್ದೆ.

ಅಪ್ಪಾಸಾಹೇಬನಿಂದ ಹನ್ನೆರಡನೆಯ ಚಾಕು ತೆಗೆದುಕೊಂಡಿದ್ದೇನೆ. ಮರದ ಹಿಡಿ, ಕೆಂಪು ಸಿಗಲಿಲ್ಲ. ಮನೆಯಲ್ಲಿ ಬೆಂಡೆ, ಬದನೆ, ಒಂದು ಬಾಳೆಕಾಯಿ ಹೆಚ್ಚಿ ನೋಡಿದೆ. ಚೆನ್ನಾಗಿದೆ. ಕೊರಿಯರಿನಲ್ಲಿ ಕಳಿಸೋಣ ಅನ್ನುತ್ತಾಳೆ ಶರ್ವರಿ. ನಾನು ಕಳಿಸುವುದಿಲ್ಲ. ನೀನು ಬಾ ಎಂದರೆ ನಾನೇ ತರುತ್ತೇನೆ, ಬಸ್ಸಿನಲ್ಲಿ ಕೂಡುವಷ್ಟು ಸೊಂಟ ಇನ್ನೂ ಗಟ್ಟಿ ಇದೆ. ನಿನ್ನ ಮಂಚದ ಮೇಲೆ ಇಡುತ್ತೇನೆ, ನೀನು ತೆಗೆದುಕೋ. ಬೇಡ ಅನ್ನುವುದಾದರೆ ಅಲ್ಲಿಯೇ ಒಂದು ಕೊಂಡುಕೋ, ಹೇಗೆ ನೋಡಿ ತೆಗೆದುಕೊಳ್ಳಬೇಕೆಂದು ಮೇಲೆ ಬರೆದಿದ್ದೇನೆ.

ತನುಶ್ರೀಗೆ ಆಶೀರ್ವಾದ. ಅವಳು ಬ್ಯಾಂಕಿನಲ್ಲಿ ಆಫೀಸರ್ ಅಂತೆ, ಕೇಳಿ ಸಮಾಧಾನವಾಯಿತು.

ನಿನ್ನ
ಇಂದೂ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಅಂದು ನಿಮ್ಮ ಮನೆಯಲ್ಲಿ ಅಕಸ್ಮಾತ್ ಅಂದದ್ದು ಸುಳ್ಳು. ಆ ವಾರ ಪಾಳಿ ನನ್ನದು, ಚಾಕು ನನ್ನ ಚೀಲದಲ್ಲಿತ್ತು. ಬ್ರಿಜ್ಜಿನ ಮೇಲಿನಿಂದ ಪೋಲೀಸರ ಟೇಬಲ್ ಮೊದಲು ಕಂಡದ್ದು ನನಗೆ. ನೀನು ತನುಶ್ರೀಯ ಸಾಲೆಯ ಗ್ಯಾದರಿಂಗಿನ ಡ್ಯಾನ್ಸಿನ ಸುದ್ದಿ ಹೇಳಿ ನಗುತ್ತಿದ್ದಿ. ನಗುತ್ತಿರುವಾಗಲೇ ನಿನ್ನ ಚೀಲದೊಳಗೆ ಇಳಿಬಿಟ್ಟೆ. ಕೈಯಿಂದ ಕೈಗೆ ಕೊಡಲಿಲ್ಲ, ಚೀಲದಿಂದ ಚೀಲಕ್ಕೆ ಕೊಟ್ಟೆ. ಪಾಳಿ ಯಾರದ್ದೆಂದು ನಿನಗೂ ಗೊತ್ತಿತ್ತು, ಲೀಲಾ. ಗೊತ್ತಿದ್ದೇ ನಂದು ಅಂದಿ. ಇದನ್ನು ಓದಿದ ಮೇಲೂ ನಾನು ಬರಬೇಕೋ ಬೇಡವೋ, ಒಂದೇ ಶಬ್ದ ಬರೆ. ನವೆಂಬರ್ ಮೂವತ್ತರ ಒಳಗೆ ಉತ್ತರ ಬರಬೇಕು.