ಮೇರಿಯಮ್ಮ ದೋಣಿ ತಿರುಗಿಸಿದ ದಿನ

ಉತ್ತರ ಕೆನಡಾ
ಆಗಸ್ಟ್ ೨೦

ತದಡಿಯ ಜಟ್ಟಿ ಅಣ್ಣನಿಗೆ ವಾಮನನ ನಮಸ್ಕಾರ.

ಇಲ್ಲಿ ಕಾಡಿನ ನಡುವೆ ಒಂದು ದೊಡ್ಡ ಸರೋವರ. ಅದರ ದಡದ ವಸತಿಗೃಹದಲ್ಲಿ ನನಗೆ ಅಡುಗೆ ಕೆಲಸ. ರಸ್ತೆಯೇ ಇಲ್ಲ, ಪುಟ್ಟ ವಿಮಾನ ನೀರಿನ ಮೇಲೇ ಇಳಿಯುತ್ತದೆ. ಗಾಳ ಹಾಕಲು ಬರುವ ಅತಿಥಿಗಳಿಗೆ ದೋಣಿ ನಡೆಸುವವರು ಇಲ್ಲೇ ಹುಟ್ಟಿ ಬೆಳೆದ ಮೇರಿಯಮ್ಮ; ವಯಸ್ಸು ಅರವತ್ತೆಂಟು.

ಮೊನ್ನೆ ನಾನೂ ಜೊತೆಗೆ ಹೋಗಿದ್ದೆ. ಮೇಲಿಂದ ಮೇಲೆ ಮೀನು ಸಿಗುತ್ತಿರುವಾಗಲೇ ಮೇರಿಯಮ್ಮ ಆಕಾಶ ನೋಡಿ ದೋಣಿ ತಿರುಗಿಸಿಬಿಟ್ಟರು. ಅತಿಥಿಗಳು ಬೈದರೂ ದೋಣಿಯನ್ನು ನೇರ ದಡಕ್ಕೇ ನಡೆಸಿದರು. ನಾವು ದಡ ಸೇರಿ ಅರ್ಧ ಗಂಟೆಯೂ ಆಗಿರಲಿಲ್ಲ, ಆಳೆತ್ತರದ ಅಲೆ ಎದ್ದಿತು.

ಹೋದ ವರ್ಷ ನೀನೂ ಹೀಗೆಯೇ, ಬಂಗುಡೆಯ ಹಿಂಡು ಕಣ್ಣೆದುರಿಗಿರುವಾಗ ಬೋಟು ತಿರುಗಿಸಿದ್ದೆ. ಬಂದರಿನಲ್ಲಿ ಎಲ್ಲರ ಮುಂದೆ ನಾನು, "ನಿಂಗೆ ಎಂತ ಹೆದ್ರಿಕೆ ಮಾರಾಯ, ಸೀರೆ ಉಟ್ಕಂಡ್ ಮನೇಲೇ ಕೂತ್ಕ" ಎಂದೆ. "ಎಲ್ಲರೂ ಮನೆಗೆ ಬಂದ್ರಲ, ಆತು" ಎಂದಷ್ಟೇ ನೀನು ಹೇಳಿದೆ. ಅಂದು ಗಾಳಿ ಬರಲಿಲ್ಲ, ನಿಜ. ಆದರೂ ಅಷ್ಟು ಜನ ನಗುವಾಗ ಸುಮ್ಮನಿರಲು ಎಷ್ಟು ಗಟ್ಟಿ ಎದೆ ಬೇಕೆಂದು ನನಗೆ ಈಗ ತಿಳಿಯಿತು.

ಅಕ್ಟೋಬರಿಗೆ ಇಲ್ಲಿಯ ಕೆಲಸ ಮುಗಿಯುತ್ತದೆ. ನಿನ್ನ ಬೋಟಿನಲ್ಲಿ ನನಗೊಂದು ಜಾಗ ಇಟ್ಟಿರು. ನೀನು ತಿರುಗಿಸು ಎಂದಾಗ ತಿರುಗಿಸುತ್ತೇನೆ.

ನಿನ್ನ ತಮ್ಮ,
ವಾಮನ